ನನ್ನ ಹೀರೆ ಬಳ್ಳಿಯಲ್ಲಿ ಹೀಚು ಉದುರುವುದು ನಿಂತಿದ್ದು

ಮೊದಲ ವರ್ಷ ನನ್ನ ಹೀರೆ ಬಳ್ಳಿ ಚಪ್ಪರದ ತುಂಬಾ ಹಬ್ಬಿತ್ತು. ಹೂವೂ ಬೇಕಾದಷ್ಟು. ಕಾಯಿ ಮಾತ್ರ ಇಲ್ಲ. ಬೆರಳುದ್ದದ ಹೀಚು ಬರುತ್ತಿತ್ತು, ಎರಡು ಮೂರು ದಿನಕ್ಕೆ ಹಳದಿ ತಿರುಗಿ, ಮುಟ್ಟಿದರೆ ಕೈಗೆ ಬರುತ್ತಿತ್ತು. ನೀರು ಸಾಲದೇನೋ ಎಂದು ಜಾಸ್ತಿ ಹಾಕಿದೆ. ಆಮೇಲೆ ವಾರಕ್ಕೊಮ್ಮೆ ಗೊಬ್ಬರದ ನೀರು ಕೊಟ್ಟೆ. ಎಲೆ ಇನ್ನೂ ಅಗಲವಾಯಿತು, ಅಷ್ಟೇ. ಸಾರಜನಕ ಹೆಚ್ಚಾದರೆ ಬಳ್ಳಿ ಸೊಪ್ಪು ಬೆಳೆಸುತ್ತಾ ಹೋಗುತ್ತದೆ.

ಕಾರಣ ಗೊತ್ತಾಗಿದ್ದು ಒಂದು ಸಂಜೆ, ಚಪ್ಪರದ ಕೆಳಗೆ ಸುಮ್ನೆ ಕೂತಿದ್ದಾಗ. ಬೆಳಗಿನ ಹೂಗಳೆಲ್ಲ ಮುದುಡಿದ್ದವು. ಹೊಸ ಮೊಗ್ಗುಗಳು ಆಗ ಬಿರಿಯುತ್ತಿದ್ದವು. ಹೀರೆ ಹೂ ಅರಳುವುದೇ ಸಂಜೆಗೆ! ಜೇನುಗಳು ಅಷ್ಟೊತ್ತಿಗೆ ಗೂಡು ಸೇರುತ್ತಿರುತ್ತವೆ. ರಾತ್ರಿ ಓಡಾಡುವ ಪತಂಗಗಳು ಬಂದರೆ ಸರಿ, ಬರದಿದ್ದರೆ ಪರಾಗ ಮುಟ್ಟಿಸುವವರಿಲ್ಲ. ಸೋರೆಯದೂ ಇದೇ ಕತೆ.

ಅಂದಿನಿಂದ ಆ ಕೆಲಸ ನಾನೇ ಮಾಡುತ್ತೇನೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರುತ್ತೇನೆ. ಒತ್ತಬಾರದು. ಕಾಯಿ ಕಚ್ಚಿದ್ದರೆ ಕೆಲವೇ ದಿನಗಳಲ್ಲಿ ಹೀಚು ದಪ್ಪಗಾಗಿ ಹಸಿರಾಗಿಯೇ ಉಳಿಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಆದ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ. ಶುರುವಿನಲ್ಲಿ ಬರೀ ಗಂಡು ಹೂಗಳೇ ಬಂದರೆ ಗಾಬರಿಯಾಗಬೇಡಿ, ಹೆಣ್ಣು ಹೂ ಬರುವುದು ಆಮೇಲೆ. ಸೋರೆಯಲ್ಲಿ ನಾನು ಮುಖ್ಯ ಬಳ್ಳಿಯ ಕುಡಿ ಚಿವುಟುತ್ತೇನೆ. ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಜಾಸ್ತಿ.

ಹಾಗಲ, ಕುಂಬಳದ ಹೂ ಬೆಳಗಿನ ಹೊತ್ತಿನವು. ಅವಕ್ಕೆ ಜೇನು ಸಾಕು, ಆದರೆ ಜೇನನ್ನು ಕರೆಯಬೇಕಲ್ವಾ? ಅದಕ್ಕೇ ಈಗ ತರಕಾರಿ ಪಾತಿಯ ಅಂಚಿಗೆಲ್ಲ ಹೂಗಿಡ. ಚೆಂಡು ಹೂವಿನಲ್ಲಿ ದಳ ಕಿಕ್ಕಿರಿದ ದೊಡ್ಡ ಜಾತಿಗಿಂತ ಒಂದೇ ಸುತ್ತು ದಳದ್ದು ಒಳ್ಳೆಯದು, ಜೇನಿಗೆ ಒಳಗಿನ ಪರಾಗ ಸುಲಭವಾಗಿ ಸಿಗುತ್ತದೆ. ಕಾಮಕಸ್ತೂರಿಯ ಎರಡು ಗಿಡಗಳನ್ನು ಚಿವುಟದೆ ಹೂ ಬಿಡಲು ಬಿಟ್ಟಿದ್ದೇನೆ. ಬಿಸಿಲು ಏರುವ ಹೊತ್ತಿಗೆ ಅಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲುವುದೇ ಇಲ್ಲ.

ಬೇವಿನ ಎಣ್ಣೆ ಸಿಂಪಡಿಸುವಾಗಲೂ ಹೂವಿನ ಹೊತ್ತು ನೋಡುತ್ತೇನೆ. ಹಾಗಲಕ್ಕೆ ಸಂಜೆ, ಹೀರೆಗೆ ಬಿಸಿಲೇರುವ ಮುಂಚೆ. ಅದೂ ಎಲೆಯ ಅಡಿಗೆ ಮಾತ್ರ, ಹೂವಿಗೆ ತಾಗದಂತೆ.

ಹಾಗಲಕ್ಕೆ ಹಣ್ಣುನೊಣದ ಕಾಟ ಬೇರೆ. ನೊಣ ಎಳೆಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕಾಯಿ ಕಚ್ಚಿದ ಕೂಡಲೇ ಕಾಗದದ ಚೀಲ ತೊಡಿಸಿ ತೊಟ್ಟಿನ ಹತ್ತಿರ ಸಡಿಲವಾಗಿ ಕಟ್ಟುತ್ತೇನೆ. ಚುಚ್ಚಿಸಿಕೊಂಡ ಕಾಯಿಯನ್ನು ಬುಡದಲ್ಲಿ ಬಿಸಾಡಬೇಡಿ. ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಅದೇ ಬಳ್ಳಿಗೆ ಬರುತ್ತದೆ.