ಅಮೆರಿಕದಲ್ಲಿ ಬೇಲ್: ರಾತ್ರೋರಾತ್ರಿ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಅರೆಸ್ಟ್ ಆದರೆ ಸುಮ್ಮನಿರಿ, ಲಾಯರ್ ಕೇಳಿ ಅನ್ನುವುದು ಎಲ್ಲರಿಗೂ ಗೊತ್ತು. ನಮ್ಮವರು ದುಡ್ಡು ಕಳೆದುಕೊಳ್ಳುವುದು ಆಮೇಲಿನ ಕೆಲವೇ ಗಂಟೆಗಳಲ್ಲಿ.

ಜೈಲಿನಿಂದ ಫೋನ್ ಬರುತ್ತದೆ, ಬೇಲ್ 20,000 ಡಾಲರ್ ಅಂತ. ಬೇಲ್ ಬಾಂಡ್ಸ್‌ಮನ್ (ಫೀಸು ತೆಗೆದುಕೊಂಡು ಆರೋಪಿಯ ಪರವಾಗಿ ಕೋರ್ಟಿಗೆ ಪೂರ್ತಿ ಬೇಲಿನ ಹೊಣೆ ಬರೆದುಕೊಡುವವನು; ಆ ಪತ್ರವೇ ಬಾಂಡ್) ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಕೇಳುತ್ತಾನೆ, ಅಂದರೆ 2,000. ಮನೆಯವರು ಗಾಬರಿಯಲ್ಲಿ ಕೊಟ್ಟುಬಿಡುತ್ತಾರೆ. ಅದು ಅವನ ಫೀಸು, ಕೇಸ್ ವಜಾ ಆದರೂ ವಾಪಸ್ ಬರುವುದಿಲ್ಲ. ನೇರವಾಗಿ ಕೋರ್ಟಿಗೆ ಕಟ್ಟಿದ ದುಡ್ಡಾದರೆ, ಎಲ್ಲ ತಾರೀಖಿಗೂ ಹಾಜರಾದರೆ, ಕೇಸ್ ಮುಗಿದ ಮೇಲೆ ವಾಪಸ್ ಬರುತ್ತದೆ (ಕೆಲವು ಕಡೆ ಸ್ವಲ್ಪ ಹಿಡಿದುಕೊಳ್ಳುತ್ತಾರೆ). ಬಾಂಡ್‌ಗೆ ಸಹಿ ಹಾಕುವ ಸ್ನೇಹಿತರೂ ಹುಷಾರು. ಆರೋಪಿ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಪೂರ್ತಿ 20,000 ನಿಮ್ಮ ತಲೆಗೆ ಬರಬಹುದು.

ನನಗೆ ಪರಿಚಯದ ಒಂದು ಕುಟುಂಬ ಕ್ಯಾಲಿಫೋರ್ನಿಯಾದಲ್ಲಿ ಹೀಗೇ ರಾತ್ರಿ ದುಡ್ಡು ಕೊಟ್ಟಿತು. ಜೈಲಿನವರು ಹೇಳಿದ ಮೊತ್ತ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಯಾವ ಆರೋಪಕ್ಕೆ ಎಷ್ಟು ಅಂತ ಮೊದಲೇ ಮಾಡಿಟ್ಟ ಪಟ್ಟಿಯದು, ಜಡ್ಜ್ ಇನ್ನೂ ಕೇಸನ್ನೇ ನೋಡಿರಲಿಲ್ಲ. ಅಲ್ಲಿ ಭಾನುವಾರ, ರಜೆ ಬಿಟ್ಟು 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಮೊದಲ ಕೇಸು, ಕೆಲಸ ಇದೆ, ಖಾಯಂ ವಿಳಾಸ ಇದೆ ಅಂದರೆ ದುಡ್ಡಿಲ್ಲದೆ, ಕೋರ್ಟಿಗೆ ಬರುತ್ತೇನೆ ಅನ್ನುವ ಬರೀ ಮಾತಿನ ಮೇಲೆ ಬಿಡುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ದುಡ್ಡು ಕಟ್ಟಲು ಆಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಳಗೆ ಇಡಬಾರದು ಅಂತ ಆ ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹಾಗಾಗಿ ಮೊದಲು ಲಾಯರ್‌ಗೆ ಫೋನ್ ಮಾಡಿ. ಔಷಧಿ ತಪ್ಪಿಸುವ ಹಾಗಿಲ್ಲ, ಅಥವಾ ಮುಂದೆ ಉದ್ದದ ರಜೆ ಇದೆ ಅಂದರೆ ಜಡ್ಜ್‌ಗೆ ಕಾಯದೆ ದುಡ್ಡು ಕಟ್ಟುವ ಮಾತು ಬೇರೆ.

ರಾಜ್ಯಕ್ಕೊಂದು ಕಾನೂನು. ನ್ಯೂಜೆರ್ಸಿ 2017ರಿಂದ ದುಡ್ಡಿನ ಬೇಲನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದೆ. ಇಲಿನಾಯ್ 2023ರ ಸೆಪ್ಟೆಂಬರ್ 18ರಿಂದ ಪೂರ್ತಿ ತೆಗೆದುಹಾಕಿತು. ನ್ಯೂಯಾರ್ಕ್ 2020ರಲ್ಲಿ ಸಣ್ಣಪುಟ್ಟ ಕೇಸುಗಳಿಗೆ ತೆಗೆದು, ಆಮೇಲೆ ಮತ್ತೆ ಮತ್ತೆ ಬಿಗಿ ಮಾಡಿತು. ನನಗೆ ನ್ಯೂಜೆರ್ಸಿಯದೇ ಸರಿ ಅನಿಸುತ್ತದೆ. ಓಡಿಹೋಗುತ್ತಾನಾ, ಯಾರಿಗಾದರೂ ಅಪಾಯ ಮಾಡುತ್ತಾನಾ ಅಂತ ನೋಡಬೇಕೇ ಹೊರತು ಜೇಬು ನೋಡುವುದಲ್ಲ, ಅಲ್ವಾ? ಆದರೆ ಅಲ್ಲಿ ಗಂಭೀರ ಕೇಸಾದರೆ ಎಷ್ಟು ದುಡ್ಡಿದ್ದರೂ ಜಡ್ಜ್ ಒಳಗೇ ಇಡಬಹುದು.

ಬಿಡುಗಡೆಯ ಷರತ್ತುಗಳನ್ನೂ ಸರಿಯಾಗಿ ಓದಿ. ಮನೆ ಜಗಳದ ಕೇಸಿನಲ್ಲಿ ಹೆಂಡತಿಯನ್ನು ಸಂಪರ್ಕಿಸಬಾರದು ಅಂತ ಆದೇಶ ಇದ್ದರೆ, ಅವರೇ ಫೋನ್ ಮಾಡಿ ಮನೆಗೆ ಬನ್ನಿ ಅಂದರೂ ಹೋಗಬೇಡಿ. ಹೋದರೆ ಮತ್ತೆ ಅರೆಸ್ಟ್. ಆ ಆದೇಶ ಬದಲಿಸುವ ಅಧಿಕಾರ ಜಡ್ಜ್‌ಗೆ ಮಾತ್ರ. ಕುಡಿದು ಗಾಡಿ ಓಡಿಸಿದ ಕೇಸಾದರೆ, ಶಿಕ್ಷೆ ಆಗುವ ಮುಂಚೆಯೇ, ಬರೀ ಅರೆಸ್ಟ್ ಆಗಿದ್ದಕ್ಕೇ ವೀಸಾ ರದ್ದಾಗಬಹುದು. ಇಮಿಗ್ರೇಷನ್ ಲಾಯರ್‌ನ ಕೇಳದೆ ಊರಿಗೆ ಟಿಕೆಟ್ ಮಾಡಿಸಬೇಡಿ.