ಖೋ ಖೋ ಪಾಠದಲ್ಲಿ ಓಡುವವರು ಎಷ್ಟು ಜನ?

ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಸೇರಿದ ಮೊದಲ ಕೆಲವು ವರ್ಷ ನಾನು ಖೋ ಖೋ ಪಾಠವನ್ನು ಪಂದ್ಯದಂತೆಯೇ ನಡೆಸುತ್ತಿದ್ದೆ. ಸುಣ್ಣದ ಪುಡಿಯಿಂದ ಅಂಕಣ ಹಾಕಿ, ಎರಡು ತಂಡ ಮಾಡಿ, ಸೀಟಿ ಊದಿದರೆ ಮಕ್ಕಳು ಗದ್ದಲ ಮಾಡಿಕೊಂಡು ಆಡುತ್ತಿದ್ದರು. ಪಾಠ ಚೆನ್ನಾಗಿ ನಡೆಯುತ್ತಿದೆ ಎಂದೇ ನಂಬಿದ್ದೆ. ಒಂದು ದಿನ ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಮಾತ್ರ ಗಮನಿಸುತ್ತಾ, ಅವಳು ಓಡಿದಷ್ಟು ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆದೆ. 40 ನಿಮಿಷದ ಅವಧಿ ಮುಗಿದಾಗ ಅವಳ ಓಟ ಎರಡು ನಿಮಿಷವೂ ಆಗಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ಅದೇ ಯೋಚನೆಯಾಯಿತು.

ಕಾರಣ ಆಟದ ರಚನೆಯಲ್ಲೇ ಇದೆ. ಬೆನ್ನಟ್ಟುವ ತಂಡದ 9 ಜನರಲ್ಲಿ 8 ಜನ ಕುಳಿತಿರುತ್ತಾರೆ, ಒಬ್ಬರು ಓಡುತ್ತಾರೆ. ಎದುರು ತಂಡದಿಂದ ಒಮ್ಮೆಗೆ ಅಂಕಣಕ್ಕಿಳಿಯುವವರು 3 ಜನ. 54 ಮಕ್ಕಳ ತರಗತಿಯಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಕಾಲಿಗೆ ಕೆಲಸವಿರುವುದು ನಾಲ್ವರಿಗೆ. ಪಂದ್ಯಕ್ಕೆ ಇದು ಸರಿ, ಕಲಿಕೆಗೆ ಸಾಲದು.

ಹಾಗಾಗಿ ತರಗತಿಯನ್ನು ಒಂಬತ್ತು ಮಕ್ಕಳ ಆರು ಗುಂಪುಗಳಾಗಿ ಒಡೆದು, ಮೈದಾನದಲ್ಲಿ ಆರು ಚಿಕ್ಕ ಅಂಕಣ ಹಾಕಿದೆ. ಪ್ರತಿ ಗುಂಪಿನಲ್ಲಿ ಐವರು ಕೂರುತ್ತಾರೆ, ಒಬ್ಬರು ಬೆನ್ನಟ್ಟುತ್ತಾರೆ, ಇಬ್ಬರು ಓಡುತ್ತಾರೆ, ಒಬ್ಬರು ತೀರ್ಪು ಕೊಡುತ್ತಾರೆ. ಎರಡು ನಿಮಿಷಕ್ಕೊಮ್ಮೆ ಸೀಟಿಯಾದಾಗ ಸ್ಥಾನ ಬದಲಾಗುತ್ತದೆ. ಮುಟ್ಟಿನ ದಿನಗಳಲ್ಲಿ ಓಡಲು ಇಷ್ಟವಿಲ್ಲದ ಹುಡುಗಿಯರು ಕಾರಣ ಹೇಳದೆಯೇ ತೀರ್ಪುಗಾರರ ಸ್ಥಾನ ಕೇಳಬಹುದು ಎಂದು ವರ್ಷದ ಆರಂಭದಲ್ಲೇ ಎಲ್ಲರಿಗೂ ತಿಳಿಸಿಬಿಡುತ್ತೇನೆ.

ಒಂದು ಅವಧಿಗೆ ಒಂದೇ ಕೌಶಲ ಎಂಬುದು ನನ್ನ ಪಾಠ ಯೋಜನೆಯ ಎರಡನೆಯ ಬದಲಾವಣೆ. ಮೊದಲ ಪಾಠ ಕೂರುವುದು ಮತ್ತು ಏಳುವುದು, ಅಷ್ಟೇ. ಹೇಳಿಕೊಡದಿದ್ದರೆ ಮಕ್ಕಳು ಎರಡೂ ಹಿಮ್ಮಡಿಯ ಮೇಲೆ ಭಾರ ಬಿಟ್ಟು ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಖೋ ಬಿದ್ದಾಗ ಮೊದಲು ನೆಟ್ಟಗೆ ನಿಂತು ಆಮೇಲೆ ಓಡುತ್ತಾರೆ, ಅಷ್ಟರಲ್ಲಿ ಓಟಗಾರ ದೂರವಾಗಿರುತ್ತಾನೆ. ಒಂದು ಪಾದ ಮುಂದೆ, ಇನ್ನೊಂದು ಹಿಂದೆ, ಹಿಂದಿನ ಪಾದದ ಬೆರಳುಗಳು ಮಣ್ಣಿಗೆ ಊರಿರಬೇಕು, ಎರಡೂ ಕೈಬೆರಳು ನೆಲಕ್ಕೆ ತಾಗಿರಬೇಕು, ಕಣ್ಣು ಓಟಗಾರನ ಮೇಲಿರಬೇಕು. ಹಿಂದಿನ ಕಾಲಿನಿಂದ ನೆಲವನ್ನು ಒದ್ದು ಏಳುವ ಮಗು ಏಳುತ್ತಲೇ ಓಡುತ್ತಿರುತ್ತದೆ. ಇದನ್ನು ನಾನು ಪ್ರತಿ ಸಾಲಿನ ಪಕ್ಕದಲ್ಲಿ ಕುಳಿತು ತೋರಿಸುತ್ತೇನೆ; ದೂರದಿಂದ ಕೂಗಿ ಹೇಳಿದರೆ ಪಾದದ ವಿಷಯ ಯಾರಿಗೂ ತಿಳಿಯುವುದಿಲ್ಲ.

ಎರಡನೆಯ ಪಾಠ ಖೋ ಕೊಡುವುದು. ಕುಳಿತವರ ಹಿಂದಿನಿಂದ, ಅಂಗೈ ಬೆನ್ನಿಗೆ ತಾಗುವ ಕ್ಷಣದಲ್ಲೇ, ಗಟ್ಟಿಯಾಗಿ ಖೋ ಎನ್ನಬೇಕು. ದನಿ ಮೊದಲು ಬಂದರೆ ಕುಳಿತವರು ಅವಸರದಲ್ಲಿ ಎದ್ದು ಫೌಲ್ ಆಗುತ್ತದೆ. ಒಮ್ಮೆ ಒಬ್ಬ ಹುಡುಗ ಮುಟ್ಟುವ ಬದಲು ತಳ್ಳಿಬಿಟ್ಟ. ಮುಂದಿದ್ದವನು ಮುಗ್ಗರಿಸಿ ಜಲ್ಲಿಕಲ್ಲಿನ ಮೇಲೆ ಬಿದ್ದು ಗದ್ದ ತರಚಿಕೊಂಡ. ನೆಲವನ್ನು ಮೊದಲೇ ನೋಡದಿದ್ದುದು ನನ್ನ ತಪ್ಪು. ಅಂದಿನಿಂದ ಪ್ರತಿ ಅವಧಿಯ ಮೊದಲ ಎರಡು ನಿಮಿಷ ಇಡೀ ತರಗತಿ ಸಾಲಾಗಿ ನಡೆದು ಕಲ್ಲು ಆರಿಸುತ್ತದೆ.

ಆರು ಅಂಕಣಕ್ಕೆ ಹನ್ನೆರಡು ಕಂಬ ನಮ್ಮಲ್ಲಿರಲಿಲ್ಲ. ಮರಳು ತುಂಬಿದ ಪೇಂಟ್ ಡಬ್ಬಿಗಳಲ್ಲಿ ಬಿದಿರು ನಿಲ್ಲಿಸಿ ನೋಡಿದೆ. ಮಕ್ಕಳು ಕಂಬ ಹಿಡಿದು ತಿರುಗುವಾಗ ಡಬ್ಬಿ ಉರುಳತೊಡಗಿತು. ಈಗ ಆ ಜಾಗದಲ್ಲಿ ಸುಣ್ಣದ ವೃತ್ತವಿದೆ, ಬೆನ್ನಟ್ಟುವವರು ಅದನ್ನು ದಾಟಿದ ಮೇಲೆಯೇ ದಿಕ್ಕು ಬದಲಿಸಬೇಕು. ಕಂಬದ ಬಳಿಯ ಕೌಶಲಗಳನ್ನು ಮಾತ್ರ ನೆಟ್ಟ ಕಂಬಗಳಿರುವ ದೊಡ್ಡ ಅಂಕಣದಲ್ಲಿ ಸರದಿಯಂತೆ ಕಲಿಸುತ್ತೇನೆ.

ವೇಳಾಪಟ್ಟಿಯ ಮಾತನ್ನೂ ಹೇಳಬೇಕು. ಬಿಸಿಯೂಟದ ನಂತರದ ಮೊದಲ ಅವಧಿಯಲ್ಲಿ ಓಡಿಸಿದರೆ ಮಕ್ಕಳು ಪಕ್ಕೆ ಹಿಡಿದುಕೊಂಡು ಕೂರುತ್ತಾರೆ. ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿ ಆ ಅವಧಿಯನ್ನು ಕೊನೆಗೆ ಹಾಕಿಸಿಕೊಂಡೆ.

ಆರು ವಾರಗಳ ನಂತರ ಅದೇ ಹುಡುಗಿಯ ಓಟವನ್ನು ಮತ್ತೆ ಅಳೆದೆ. ಒಂಬತ್ತು ನಿಮಿಷ ದಾಟಿತ್ತು. ಸ್ಟಾಪ್‌ವಾಚ್ ಜೇಬಿಗಿಡುವಾಗ ಅವಳು ತೀರ್ಪುಗಾರಳಾಗಿ ನಿಂತು, ಗೆಳತಿ ಮುಟ್ಟುವ ಮೊದಲೇ ಖೋ ಎಂದಳೆಂದು ಕೈ ಎತ್ತಿ ಆಟ ನಿಲ್ಲಿಸುತ್ತಿದ್ದಳು.