ಬೋಟಿನ ಮೈಮೇಲಿನ ಬಣ್ಣಗಳು: ಅಮೂರ್ತ ಛಾಯಾಗ್ರಹಣದಲ್ಲಿ ನನ್ನ ಅನುಭವ

ಜೂನ್ 1ರಿಂದ ಜುಲೈ 31ರ ವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಲ್ಪೆಯಲ್ಲಿ ಬೋಟುಗಳನ್ನು ದಡಕ್ಕೆಳೆದು, ಹಳೆಯ ಬಣ್ಣ ಕೆರೆದು, ಬಿರುಕು ತುಂಬಿ, ಹೊಸ ಬಣ್ಣಕ್ಕೆ ಅಣಿಗೊಳಿಸುತ್ತಾರೆ. ವಸ್ತುವನ್ನಲ್ಲ, ಅದರ ಬಣ್ಣ-ಗೆರೆಗಳನ್ನಷ್ಟೇ ತೋರಿಸುವ ನನ್ನ ಅಮೂರ್ತ ಚಿತ್ರಗಳಲ್ಲಿ ಹೆಚ್ಚಿನವು ತೆಗೆದದ್ದು ಹಳೆಯ ಬಣ್ಣ ಹೋಗಿ ಹೊಸದು ಇನ್ನೂ ಬಾರದ ಈ ಅವಧಿಯಲ್ಲಿ. ವರ್ಷವರ್ಷವೂ ಒಂದರ ಮೇಲೊಂದು ಬಳಿದ ನೀಲಿ, ಹಸಿರು, ಕೆಂಪು ಪದರಗಳು ಉಜ್ಜಿದ ಕಡೆಯೆಲ್ಲ ಒಟ್ಟಿಗೇ ಮೇಲೆ ಬರುತ್ತವೆ. ಮೊಳೆಯ ತಲೆಯಿಂದ ಇಳಿದ ತುಕ್ಕು ಅವುಗಳ ಮೇಲೆ ಕಂದು ಗೆರೆ ಎಳೆದಿರುತ್ತದೆ.

ಇದನ್ನು ನೋಡಲು ನನಗೆ ಕಲಿಸಿದ್ದು ವರ್ಣಚಿತ್ರಗಳು. ಭಾರತದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯ್ತೊಂಡೆಯವರು ರೋಲರ್ ಮತ್ತು ಪ್ಯಾಲೆಟ್ ಚಾಕು ಹಿಡಿದು ಬಣ್ಣವನ್ನು ಹಚ್ಚುತ್ತ, ತೆಗೆಯುತ್ತ ಕಟ್ಟಿದ ಕ್ಯಾನ್ವಾಸುಗಳ ಮುಂದೆ ನಿಂತಾಗ, ಅಡಿಯ ಪದರವೊಂದು ಮೇಲಿನದರ ಮೂಲಕ ಮಿನುಗುವುದು ಎಷ್ಟು ಗಾಢವಾದ ಅನುಭವವಾಗಬಲ್ಲದು ಎಂಬುದು ನನಗೆ ತಿಳಿಯಿತು. ಬೋಟಿನ ಮೈಯಲ್ಲಿ ಅದೇ ಕೆಲಸವನ್ನು ಉಪ್ಪುನೀರು ಮತ್ತು ಉಜ್ಜುಕಾಗದಗಳು ಯಾವ ಉದ್ದೇಶವೂ ಇಲ್ಲದೆ ಮಾಡಿರುತ್ತವೆ. ಚಿತ್ರಕಾರ ಖಾಲಿ ಕ್ಯಾನ್ವಾಸಿಗೆ ಒಂದೊಂದನ್ನೇ ಸೇರಿಸುತ್ತ ಹೋದರೆ, ನಾನು ಎಲ್ಲವೂ ತುಂಬಿರುವ ಕಡೆಯಿಂದ ಆರಂಭಿಸಿ ಹಗ್ಗ, ನೋಂದಣಿ ಸಂಖ್ಯೆ, ದೇವರ ಹೆಸರು, ಆಕಾಶ ಹೀಗೆ ಒಂದೊಂದನ್ನೇ ಚೌಕಟ್ಟಿನಿಂದ ಹೊರಗಿಡುತ್ತ ಬರುತ್ತೇನೆ. ಒಂದೇ ಒಂದು ಅಕ್ಷರ ಉಳಿದರೂ ಕಣ್ಣು ಅದನ್ನು ಓದಲು ಓಡುತ್ತದೆ, ಬಣ್ಣವನ್ನು ನೋಡುವುದಿಲ್ಲ.

ಹತ್ತಿರದ ಚಿತ್ರಗಳಿಗೆ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ಬಳಸುತ್ತೇನೆ. ಬೋಟಿನ ಮೈ ಬಾಗಿರುವುದರಿಂದ ಅಂಚುಗಳು ಮಸುಕಾಗುತ್ತವೆ. ಹಾಗಾಗಿ ಕ್ಯಾಮೆರಾದ ಬೆನ್ನನ್ನು ಆದಷ್ಟು ಹಲಗೆಗೆ ಸಮಾನಾಂತರವಾಗಿರಿಸಿ, ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು ಎಫ್/11ಕ್ಕೆ ಕಿರಿದಾಗಿಸಿ, ಟ್ರೈಪಾಡಿನ ಮೇಲೆ ನಿಧಾನ ಶಟರಿನಲ್ಲಿ ತೆಗೆಯುತ್ತೇನೆ. ಮಳೆ ಬಿದ್ದ ಮೇಲೆ ಬಣ್ಣಗಳು ಗಾಢವಾಗುತ್ತವೆ, ಹೊಳಪೂ ಏಳುತ್ತದೆ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಆ ಹೊಳಪನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಮೋಡದ ಬೆಳಕು ಬಣ್ಣಕ್ಕೆ ಒಳ್ಳೆಯದಾದರೂ ನನಗೆ ಹೆಚ್ಚು ಪ್ರಿಯವಾದದ್ದು ಸಂಜೆ ಮೋಡ ಸರಿದಾಗ ಓರೆಯಾಗಿ ಬೀಳುವ ಬಿಸಿಲು. ಎದ್ದ ಬಣ್ಣದ ಚಕ್ಕೆಯ ಅಂಚಿನಲ್ಲಿ ಆಗ ಕೂದಲೆಳೆಯಷ್ಟು ನೆರಳು ಮೂಡಿ ಪದರದ ದಪ್ಪ ಕಾಣಿಸುತ್ತದೆ. ಆ ನೆರಳಿಲ್ಲದಿದ್ದರೆ ಚಿತ್ರ ಬರಿಯ ವಿನ್ಯಾಸವಾಗಿಬಿಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಈ ದಾರಿಯಲ್ಲಿ ನಾನು ಮತ್ತೆಮತ್ತೆ ನೋಡುವುದು ಅಮೆರಿಕದ ಛಾಯಾಗ್ರಾಹಕ ಆರನ್ ಸಿಸ್ಕಿಂಡ್ ಅವರ ಚಿತ್ರಗಳನ್ನು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಜನಜೀವನವನ್ನು ದಾಖಲಿಸುತ್ತಿದ್ದ ಅವರು 1940ರ ದಶಕದಲ್ಲಿ ಗೋಡೆ, ಹಗ್ಗ, ಸಿಪ್ಪೆಯೆದ್ದ ಬಣ್ಣಗಳ ಕಡೆ ತಿರುಗಿದರು. 1944ರಲ್ಲಿ ಅವರು ಇಂಥ ಚಿತ್ರಗಳನ್ನು ತೆಗೆದ ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ಲೌಸೆಸ್ಟರ್ ಕೂಡ ಮೀನುಗಾರರ ಬಂದರೆಂಬುದು ನನಗೆ ವಿಶೇಷ ಸಂತೋಷ ಕೊಡುವ ಸಂಗತಿ. ನ್ಯೂಯಾರ್ಕಿನ ಅಮೂರ್ತ ಚಿತ್ರಕಾರರು ಅವರನ್ನು ತಮ್ಮವರೆಂದೇ ಕಂಡರು. ಅವರಲ್ಲೊಬ್ಬರಾದ ಗೆಳೆಯ ಫ್ರಾಂಜ್ ಕ್ಲೈನ್ 1962ರಲ್ಲಿ ತೀರಿಕೊಂಡ ಬಳಿಕ, 1970ರ ದಶಕದಲ್ಲಿ ಪೆರುವಿನ ಲಿಮಾ ಮುಂತಾದ ಊರುಗಳ ಗೋಡೆಗಳಲ್ಲಿ ಕ್ಲೈನರ ಕಪ್ಪು ಕುಂಚದ ಬೀಸುಗಳನ್ನು ನೆನಪಿಸುವ ಗುರುತುಗಳನ್ನು ಹುಡುಕಿ ಸಿಸ್ಕಿಂಡ್ ಗೌರವ ಸಲ್ಲಿಸಿದರು. ಅಲ್ಲಿ ಕುಂಚದ ಬೀಸೂ ಇದೆ, ಗೋಡೆಯೂ ಇದೆ; ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ನನ್ನ ಮುದ್ರಿತ ಚಿತ್ರಗಳನ್ನು ಕಂಡವರು ಪೇಂಟಿಂಗಿನಂತೆಯೇ ಇದೆ ಎಂದು ಮೆಚ್ಚುವುದುಂಟು. ಆದರೆ ಬೋಟಿನ ಕೆಲಸದವರೊಬ್ಬರು ಒಂದು ಚಿತ್ರವನ್ನು ಕೈಗೆತ್ತಿಕೊಂಡು, ಅಡಿಯಲ್ಲಿ ಇಣುಕುವ ಹಸಿರು ಬೋಟಿನ ಹಿಂದಿನ ಮಾಲೀಕರ ಕಾಲದ್ದೆಂದು ಬೆರಳಿಟ್ಟು ತೋರಿಸಿದರು. ವರ್ಣಚಿತ್ರಕ್ಕೆ ಇಲ್ಲದ, ಛಾಯಾಚಿತ್ರಕ್ಕೆ ಮಾತ್ರ ಇರುವ ನಂಟು ಅದು. ಅದಕ್ಕಾಗಿಯೇ ಕಂಪ್ಯೂಟರಿನಲ್ಲಿ ಬಣ್ಣ ಬದಲಿಸುವುದಿಲ್ಲ, ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಮುದ್ರಿಸುತ್ತೇನೆ, ಕಾವ್ಯಮಯ ಶೀರ್ಷಿಕೆಯ ಬದಲು ಊರು, ವರ್ಷ, ಮರವೋ ಕಬ್ಬಿಣವೋ ಎಂಬುದನ್ನಷ್ಟೇ ಬರೆಯುತ್ತೇನೆ.